ಜಿಟಿ40 ರೆಪ್ಲಿಕಾದ ಹಿಂಬದಿ ಅಗಲ ಮಾಡಿದ್ದು: ಫೈಬರ್ ಕೆಲಸಕ್ಕೆ ಇಳಿಯುವ ಮುಂಚೆ ಓದಿಕೊಳ್ಳಿ

1960ರ ದಶಕದ ರೇಸ್ ಕಾರಾದ ಫೋರ್ಡ್ ಜಿಟಿ40ರ ರೆಪ್ಲಿಕಾ (ತದ್ರೂಪು ಕಾರು) ಒಂದರ ಹಿಂಬದಿ ಫೈಬರ್ ಬಾಡಿಯನ್ನು ಎರಡೂ ಕಡೆ 40 ಮಿ.ಮೀ. ಅಗಲ ಮಾಡುವ ಕೆಲಸ ಈಗಷ್ಟೇ ಮುಗಿದಿದೆ. ಬೇಸಿಗೆಯಲ್ಲಿ ಶುರುವಾದದ್ದು ಮಳೆಗಾಲ ದಾಟಿ, ಪೇಂಟ್ ಆಗಿ ಹೊರಬರುವಷ್ಟರಲ್ಲಿ ಚಳಿ ಹಿಡಿದಿತ್ತು. ಫೈಬರ್ ಹಾಕುವ ಕೆಲಸ (ಗಾಜಿನ ಎಳೆಯ ಮ್ಯಾಟಿಗೆ ರೆಸಿನ್ ಅನ್ನುವ ದ್ರವ ಕುಡಿಸಿ ಗಟ್ಟಿ ಮಾಡುವುದು) ಅಂತ ಹೊರಟರೂ ರೆಸಿನ್ ಬ್ರಷ್ ಹಿಡಿದ ಹೊತ್ತು ಬಲು ಕಡಿಮೆ. ಮಿಕ್ಕಿದ್ದೆಲ್ಲ ಅಳೆಯುವುದು, ಕಾಯುವುದು, ಉಜ್ಜುವುದು. ಬೆಂಗಳೂರಿನಲ್ಲಿ ಇಂಥದ್ದಕ್ಕೆ ಕೈ ಹಾಕಬೇಕೆಂದಿರುವವರಿಗೆ ಎಲ್ಲಿ ದುಡ್ಡು ಸೋರುತ್ತದೆ, ಎಲ್ಲಿ ದಿನ ಸೋರುತ್ತದೆ ಅಂತ ಮೊದಲೇ ಗೊತ್ತಿರಲಿ ಅಂತ ಬರೆಯುತ್ತಿದ್ದೇನೆ.

ಅಗಲ ಯಾಕೆ ಬೇಕಿತ್ತು ಅಂದರೆ, ಜಿಟಿ40ಗಳೆಲ್ಲ ಒಂದೇ ಆಕಾರದವಲ್ಲ. ಜಾನ್ ವೈಯರ್ ತಂಡದ ತಿಳಿನೀಲಿ-ಕಿತ್ತಳೆ ಗಲ್ಫ್ (ತೈಲ ಕಂಪನಿ) ಬಣ್ಣದ ಕಾರು, ಚಾಸಿ ಸಂಖ್ಯೆ 1075, 1968ರಲ್ಲೂ 1969ರಲ್ಲೂ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆಗಳ ರೇಸ್ ಗೆದ್ದಿತು. ಮೊದಲ ವರ್ಷ ಪೆಡ್ರೊ ರಾಡ್ರಿಗೆಸ್ ಮತ್ತು ಲೂಸಿಯನ್ ಬಿಯಾಂಕಿ, ಮರುವರ್ಷ ಜಾಕಿ ಇಕ್ಸ್ ಮತ್ತು ಜಾಕಿ ಆಲಿವರ್ ಓಡಿಸಿದ್ದರು. ಆ ಕಾರಿನ ಹಿಂದಿನ ಚಕ್ರಗಳು ಅಗಲ, ಅದಕ್ಕೆ ತಕ್ಕಂತೆ ಹಿಂದಿನ ಸೊಂಟವೂ ಅಗಲ. ನಮ್ಮ ಕೈಗೆ ಬಂದ ಶೆಲ್ (ಫೈಬರ್ ಬಾಡಿ) ಅದಕ್ಕೂ ಹಿಂದಿನ, ಸಪೂರ ಮಾರ್ಕ್ 1 ಆಕಾರದ್ದು. ಅಗಲ ಚಕ್ರ ಹಾಕಿದರೆ ಟೈರು ಬಾಡಿಯಿಂದ ಹೊರಗೆ ಇಣುಕುತ್ತಿತ್ತು.

ರಿವೆಟ್ ಹೊಡೆದು ಕೂರಿಸುವ ರೆಡಿ ಫ್ಲೇರ್ (ಚಕ್ರದ ಮೇಲಿನ ಅಂಚಿಗೆ ಹೊರಗಿನಿಂದ ಸೇರಿಸುವ ಪಟ್ಟಿ) ಹಾಕಿದರೆ ಎರಡು ದಿನದ ಕೆಲಸ. ಈ ಕಾರಿಗೆ ಅದು ಒಗ್ಗುವುದಿಲ್ಲ. ಕಾರಿನ ಎತ್ತರವೇ ಸುಮಾರು 40 ಇಂಚು, ನಿಂತವನ ಸೊಂಟಕ್ಕೆ ಬರುತ್ತದೆ. ನೋಡುವವರು ಬಾಡಿಯನ್ನು ಪಕ್ಕದಿಂದ ನೋಡುವುದಕ್ಕಿಂತ ಮೇಲಿನಿಂದ ನೋಡುವುದೇ ಹೆಚ್ಚು. ಹಾಗಾಗಿ ವ್ಹೀಲ್ ಆರ್ಚ್‌ನ (ಚಕ್ರದ ಮೇಲಿನ ಕಮಾನಿನ) ಅಂಚನ್ನು ಮಾತ್ರ ಹೊರಗೆಳೆದರೆ ಮೋಸ ತಕ್ಷಣ ಕಾಣುತ್ತದೆ. ಬಾಗಿಲ ಹಿಂದೆ ಶುರುವಾಗಿ ಬಾಲದವರೆಗೆ ಮೇಲ್ಮೈಯೇ ಉಬ್ಬಬೇಕು.

ಕಾಗದಪತ್ರದ ಮಾತನ್ನು ಇಲ್ಲೇ ಮುಗಿಸುತ್ತೇನೆ. ಈ ಕಾರು ಟ್ರ್ಯಾಕ್‌ಗೆ ಮಾತ್ರ, ರಸ್ತೆಗೆ ನೋಂದಣಿಯಾಗಿಲ್ಲ. ನಿಮ್ಮ ಕಾರು ನೋಂದಣಿಯಾಗಿದ್ದರೆ ಗ್ರೈಂಡರ್ ಎತ್ತುವ ಮುಂಚೆ ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಓದಿಕೊಳ್ಳಿ. ತಯಾರಕರು ಕೊಟ್ಟ ಮೂಲ ವಿವರಕ್ಕೂ ಆರ್.ಸಿ.ಯಲ್ಲಿರುವುದಕ್ಕೂ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಅನ್ನುವುದನ್ನು ಸುಪ್ರೀಂ ಕೋರ್ಟ್ 2019ರಲ್ಲಿ ಖಚಿತಪಡಿಸಿದೆ. ನೋಂದಣಿಯಿಲ್ಲದ ಕಾರನ್ನು ಒಂದು ಶೆಡ್‌ನಿಂದ ಇನ್ನೊಂದಕ್ಕೆ ತಳ್ಳಿಕೊಂಡು ಹೋಗುವ ಯೋಚನೆಯೂ ಬೇಡ, ಫ್ಲಾಟ್‌ಬೆಡ್ಡೇ ಆಗಬೇಕು. ಚಾಸಿ, ಶೆಲ್, ಎಂಜಿನ್ ಮೂರರ ಬಿಲ್ಲಿನ ಪ್ರತಿಗಳು ಡ್ರೈವರ್ ಕೈಯಲ್ಲಿರಲಿ. ನಂಬರ್ ಪ್ಲೇಟ್ ಇಲ್ಲದ ಇಂಥ ಕಾರು ಕಂಡರೆ ಪ್ರಶ್ನೆ ಕೇಳದೆ ಯಾರೂ ಬಿಡುವುದಿಲ್ಲ. ಶೆಲ್ಲನ್ನು ವಿದೇಶದಿಂದ ತರಿಸಿದ್ದರೆ ಬಿಲ್ ಆಫ್ ಎಂಟ್ರಿಯ (ಆಮದಿನ ಕಸ್ಟಮ್ಸ್ ದಾಖಲೆಯ) ಪ್ರತಿಯೂ ಬೇಕು. ವಾಹನದ ಬಾಡಿಗಳು ಕಸ್ಟಮ್ಸ್ ಸುಂಕಪಟ್ಟಿಯಲ್ಲಿ 8707 ಸಂಖ್ಯೆಯ ಅಡಿ ಬರುತ್ತವೆ, ಬಿಡಿಭಾಗಗಳು 8708ರ ಅಡಿ. ಏಜೆಂಟ್ ಯಾವುದರಲ್ಲಿ ತೋರಿಸಿದ್ದಾನೆ ಅಂತ ನೋಡಿಟ್ಟುಕೊಳ್ಳಿ.

ಜನ ಹುಡುಕುವುದು ಕಾಗದಕ್ಕಿಂತ ಕಷ್ಟ. ಪೀಣ್ಯದ ಕಡೆ ಎಫ್.ಆರ್.ಪಿ. (ಫೈಬರ್) ಕೆಲಸದ ಶೆಡ್‌ಗಳಿಗೆ ಬರವಿಲ್ಲ. ಆದರೆ ಅಲ್ಲಿ ಆಗುವುದು ಟ್ಯಾಂಕು, ಬಾಗಿಲು, ಕೂಲರ್ ಬಾಡಿ, ಜಾರುಬಂಡೆ. ಒಂದು ಮೋಲ್ಡಿಗೆ ನೂರು ಪೀಸ್ ತೆಗೆಯುವವರಿಗೆ ಒಂದೇ ಪೀಸನ್ನು ಕೆತ್ತುತ್ತಾ ಕೂರುವುದು ನಷ್ಟದ ಬಾಬ್ತು. 'ನೋಡೋಣ ಸಾರ್' ಅಂದವರು ಮತ್ತೆ ಫೋನ್ ಎತ್ತಲಿಲ್ಲ. ಕಾರಿನ ಟಿಂಕರಿಂಗ್ ಶೆಡ್‌ಗಳಿಗೆ ತಗಡಿನ ಮೇಲೆ ಎಷ್ಟು ಹಿಡಿತವೋ ಫೈಬರ್ ಮೇಲೆ ಅಷ್ಟಿಲ್ಲ. 1980ರ ದಶಕದಲ್ಲಿ ಇದೇ ಊರಿನಲ್ಲಿ ಸಿಪಾನಿಯವರ ಡಾಲ್ಫಿನ್ ಅನ್ನುವ ಫೈಬರ್ ಬಾಡಿ ಕಾರು ತಯಾರಾಗುತ್ತಿತ್ತು, ಬ್ರಿಟನ್ನಿನ ರಿಲಯಂಟ್ ಕಿಟನ್ ಕಾರನ್ನು ಆಧರಿಸಿದ್ದು. ಆ ಕಾಲದಲ್ಲಿ ಅದನ್ನು ರಿಪೇರಿ ಮಾಡಿದ ಹಿರಿಯ ಮೇಸ್ತ್ರಿಗಳು ಯಾರಾದರೂ ಸಿಕ್ಕರೆ ಬಿಡಬೇಡಿ. ನಮಗೆ ಕೊನೆಗೆ ಒದಗಿದವರು ಫೈಬರ್ ವಿಗ್ರಹ, ಸ್ತಬ್ಧಚಿತ್ರ ಮಾಡುವ ಒಬ್ಬ ಮೇಸ್ತ್ರಿ. ಉಬ್ಬು ಎಲ್ಲಿ ಏಳಬೇಕು, ಎಲ್ಲಿ ಇಳಿಯಬೇಕು ಅನ್ನುವುದು ಅವರ ಕಣ್ಣಿಗೆ ತಾನಾಗಿ ತಿಳಿಯುತ್ತಿತ್ತು. ಒಂದೇ ತಕರಾರು, ಪುಟ್ಟಿಯ ಮೇಲಿನ ಪ್ರೀತಿ. 'ಸಾರ್, ಇಲ್ಲೊಂದ್ ಸ್ವಲ್ಪ ಪುಟ್ಟಿ ತುಂಬಿ ಉಜ್ಜಿಬಿಟ್ರೆ ಮುಗೀತು' ಅನ್ನುವ ಮಾತು ಕೆಲಸದ ಉದ್ದಕ್ಕೂ ಕೇಳಿಬರುತ್ತಿತ್ತು. ನಿಂತಲ್ಲೇ ನಿಲ್ಲುವ ವಿಗ್ರಹಕ್ಕೆ ಅದು ನಡೆಯುತ್ತದೆ. ಅದುರುವ ಕಾರಿನಲ್ಲಿ ದಪ್ಪ ಪುಟ್ಟಿ ಮೊದಲು ಕೂದಲೆಳೆಯಷ್ಟು ಬಿರಿಯುತ್ತದೆ, ಆಮೇಲೆ ಚಕ್ಕೆಯಾಗಿ ಏಳುತ್ತದೆ. ಆಕಾರ ಏನಿದ್ದರೂ ಫೈಬರ್‌ನಲ್ಲೇ ಬರಬೇಕು, ಪುಟ್ಟಿ ಹೆಚ್ಚೆಂದರೆ 2 ಮಿ.ಮೀ. ಅಂತ ಮೊದಲ ದಿನವೇ ಮಾತಾಡಿಕೊಳ್ಳಿ.

ಕತ್ತರಿಸುವ ಮುಂಚೆ ಕಾರನ್ನು ಸಮಮಟ್ಟಕ್ಕೆ ತರಬೇಕು. ಶೆಡ್ಡಿನ ನೆಲ ಕಣ್ಣಿಗೆ ಸಮ ಅನ್ನಿಸಿದರೂ ನೀರು ಹರಿಯಲೆಂದು ಇಳಿಜಾರು ಕೊಟ್ಟಿರುತ್ತಾರೆ. ಗಾರೆ ಕೆಲಸದವರ ಟ್ಯೂಬ್ ಮಟ್ಟ ಹಿಡಿದು ನಾಲ್ಕೂ ಚಕ್ರದ ಕೆಳಗೆ ಪ್ಲೈವುಡ್ ಚೂರು ಕೊಟ್ಟು ಸರಿಮಾಡಿ. ಟೈರಿನ ಗಾಳಿ ಓಡಿಸುವಾಗಿನಷ್ಟೇ ಇರಲಿ. ಡ್ರೈವರ್ ಸೀಟಿನಲ್ಲಿ 75 ಕೆ.ಜಿ. ಮರಳಿನ ಮೂಟೆ ಇಡಿ. ಖಾಲಿ ಕಾರಿನ ಎತ್ತರವೇ ಬೇರೆ, ಆಳು ಕೂತ ಕಾರಿನ ಎತ್ತರವೇ ಬೇರೆ. ಆಮೇಲೆ ಮುಂದಿನಿಂದ ಹಿಂದಿನವರೆಗೆ ಚಾಸಿಯ ನಡುಮಧ್ಯಕ್ಕೆ ದಾರ ಎಳೆದು, ತೂಕದ ಗುಂಡು ಇಳಿಬಿಟ್ಟು, ನೆಲದ ಮೇಲೆ ಸುಣ್ಣದ ಗೆರೆ ಹಾಕಿ. ಎಲ್ಲ ಅಳತೆಯೂ ಆ ಗೆರೆಯಿಂದಲೇ. ಬಾಡಿಯ ಒಂದು ಕಡೆಯಿಂದ ಅಳೆದು ಇನ್ನೊಂದು ಕಡೆಗೆ ಒಯ್ಯಬೇಡಿ. ಕೈಯಲ್ಲಿ ಹಾಕಿದ ಶೆಲ್‌ಗಳ ಎಡಬಲ ಒಂದೇ ಇರುವುದು ಅಪರೂಪ. ಈ ಶೆಲ್‌ನಲ್ಲಿ ಬಲಗಡೆ ಆರ್ಚ್ ಎಡಗಡೆಗಿಂತ 11 ಮಿ.ಮೀ. ಕೆಳಗಿತ್ತು. ಬಣ್ಣ ಹಚ್ಚಿದ್ದಾಗ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಮುಂದಿನದು ಚಕ್ರದ ಓಡಾಟ. ಹಿಂದಿನ ಸ್ಪ್ರಿಂಗ್ ಬಿಚ್ಚಿ, ಚಕ್ರದ ಕೆಳಗೆ ಜಾಕ್ ಕೊಟ್ಟು ಬಂಪ್ ಸ್ಟಾಪ್ (ಚಕ್ರ ಮೇಲೇರುವ ಕೊನೆಯ ತಡೆ) ಮುಟ್ಟುವವರೆಗೆ ಎತ್ತಿ. ಆ ಸ್ಥಿತಿಯಲ್ಲಿ ಟೈರಿನ ಭುಜಕ್ಕೂ ಬಾಡಿಯ ಒಳಮೈಗೂ ಕಡಿಮೆಯೆಂದರೆ 25 ಮಿ.ಮೀ. ಸಿಗಬೇಕು. ತಿರುವಿನಲ್ಲಿ ಟೈರು ಅಡ್ಡಕ್ಕೆ ಜಗ್ಗುತ್ತದೆ, ಫೈಬರ್ ಕೂಡ ಅದುರುತ್ತದೆ. ಅದಕ್ಕೇ ಇಷ್ಟು ಜಾಗ. ನಮಗೆ 40 ಮಿ.ಮೀ. ಅನ್ನುವ ಲೆಕ್ಕ ಬಂದದ್ದು ಇಲ್ಲಿಂದ, ಫೋಟೊದಿಂದಲ್ಲ.

ಫೋಟೊ ಬೇಕೇ ಬೇಕು, ಆದರೆ ಅದು ಕಣ್ಣಿಗೆ ಮಣ್ಣೆರಚುತ್ತದೆ. ಹತ್ತಿರದಿಂದ ತೆಗೆದ ಚಿತ್ರದಲ್ಲಿ ಕ್ಯಾಮೆರಾಕ್ಕೆ ಸಮೀಪದ ಆರ್ಚ್ ಇದ್ದದ್ದಕ್ಕಿಂತ ದೊಡ್ಡದಾಗಿ ಉಬ್ಬಿ ಕಾಣುತ್ತದೆ. ಮೂಲ ಕಾರಿನ ಚಿತ್ರಗಳಲ್ಲಿ ದೂರದಿಂದ, ಉದ್ದ ಲೆನ್ಸಿನಲ್ಲಿ ತೆಗೆದ ಪಕ್ಕನೋಟ ಮತ್ತು ಹಿಂನೋಟಗಳನ್ನೇ ಆರಿಸಿಕೊಳ್ಳಿ. ನಿಮ್ಮ ಕಾರಿನ ಫೋಟೊ ತೆಗೆಯುವಾಗಲೂ ಎಂಟು ಹತ್ತು ಮೀಟರ್ ಹಿಂದೆ ಸರಿದು ಝೂಮ್ ಮಾಡಿ. ಅಳತೆ ತಾಳೆ ನೋಡಲು ವ್ಹೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ) ಇದೆ: ಜಿಟಿ40ರದ್ದು 95 ಇಂಚು. ನಿಮ್ಮ ರೆಪ್ಲಿಕಾ ಅಷ್ಟೇ ಇದೆಯೇ ಅಂತ ಮೊದಲು ಅಳೆಯಿರಿ. ಬೇರೆ ಕಾರಿನ ಚಾಸಿಯ ಮೇಲೆ ಕೂರಿಸಿದವು ಹೆಚ್ಚು ಕಡಿಮೆ ಇರಬಹುದು, ಆಗ ಚಿತ್ರದ ಅನುಪಾತಗಳೆಲ್ಲ ದಾರಿ ತಪ್ಪಿಸುತ್ತವೆ.

ಟೆಂಪ್ಲೇಟ್‌ಗಳಿಗೆ (ಆಕಾರ ತಾಳೆ ನೋಡುವ ಹಲಗೆಗಳಿಗೆ) 4 ಮಿ.ಮೀ. ಪ್ಲೈವುಡ್ ಸಾಕು. ಬಾಗಿಲ ಹಿಂಬದಿಯಿಂದ ಬಾಲದವರೆಗೆ 100 ಮಿ.ಮೀ.ಗೊಂದರಂತೆ ಅಡ್ಡ ಸೀಳಿನ ಆಕಾರ ಕತ್ತರಿಸಿ, ನಂಬರ್ ಬರೆದು, ಪ್ರತಿಯೊಂದರಲ್ಲೂ ನೆಲದ ಗೆರೆಯಿಂದ ಎಷ್ಟು ದೂರ, ಎಷ್ಟು ಎತ್ತರ ಅಂತ ಗುರುತು ಹಾಕಬೇಕು. ಒಂದು ಕಡೆ ಮಾಡಿ, ಅದರ ಮೋಲ್ಡ್ ತೆಗೆದು ಇನ್ನೊಂದು ಕಡೆಗೆ ಹಾಕಿದರಾಯಿತಲ್ಲ ಅಂತ ಸಲಹೆ ಕೊಡುವವರು ಬಹಳ. ಎಡಗಾಲಿನ ಚಪ್ಪಲಿ ಬಲಗಾಲಿಗೆ ಬಾರದ ಹಾಗೆ, ಎಡದ ಮೋಲ್ಡ್ ಬಲಕ್ಕೆ ಬಾರದು. ತಿರುಗಿಸಿ ಹಿಡಿಯಲು ಬರುವುದು ಪ್ಲೈವುಡ್ ಟೆಂಪ್ಲೇಟ್ ಮಾತ್ರ.

ಸಾಮಾನಿನ ವಿಷಯ. ಪ್ರತಿ ಕಡೆ ಬದಲಾಗುವ ಜಾಗ ಸುಮಾರು ಅರ್ಧ ಚದರ ಮೀಟರ್. ಚದರ ಮೀಟರಿಗೆ 450 ಗ್ರಾಂ ತೂಗುವ ಚಾಪ್ಡ್ ಸ್ಟ್ರಾಂಡ್ ಮ್ಯಾಟ್ (ತುಂಡು ಗಾಜಿನ ಎಳೆಗಳ ಹಾಸು) ಒಂದು ಪದರಕ್ಕೆ 225 ಗ್ರಾಂ, ಮೂರು ಪದರಕ್ಕೆ 675 ಗ್ರಾಂ. ರೆಸಿನ್ ಅದರ ಎರಡೂಕಾಲು ಪಟ್ಟು, ಅಂದರೆ ಒಂದೂವರೆ ಕಿಲೋ. ಒಳಗಡೆಯ ಎರಡು ಪದರ, ಚೆಲ್ಲುವುದು, ಡಬ್ಬಿಯಲ್ಲೇ ಗಟ್ಟಿಯಾಗುವುದು ಎಲ್ಲ ಸೇರಿಸಿ ಎರಡೂ ಕಡೆಗೆ 8 ಕಿಲೋ ರೆಸಿನ್, 3 ಕಿಲೋ ಮ್ಯಾಟ್ ತಂದರೆ ಕೊರತೆಯಾಗದು. ಪದರವೊಂದು ಹೆಚ್ಚು ಕಡಿಮೆ 1 ಮಿ.ಮೀ. ದಪ್ಪ ಬರುತ್ತದೆ. ಅಂಗಡಿಯವರು ಸಾಮಾನ್ಯ ರೆಸಿನ್ ಕೊಡಲು ಬರುತ್ತಾರೆ. ಐಸೋ (ಐಸೋಫ್ತಾಲಿಕ್ ಪಾಲಿಯೆಸ್ಟರ್) ರೆಸಿನ್ ಕೇಳಿ ಪಡೆಯಿರಿ. ಬೆಲೆ ಸ್ವಲ್ಪ ಹೆಚ್ಚಾದರೂ ಶಾಖ ತಾಳುತ್ತದೆ, ಎಂಜಿನ್ ಮೇಲೆ ಕೂರುವ ಭಾಗಕ್ಕೆ ಅದು ಬೇಕು. ಎಳೆಗಳನ್ನು ಹಿಡಿದಿಡುವ ಅಂಟಿನ (ಬೈಂಡರ್) ಮೇಲೆ ಮ್ಯಾಟ್‌ನಲ್ಲೂ ಎರಡು ಬಗೆ, ಪೌಡರ್ ಬೈಂಡರ್ ಮತ್ತು ಎಮಲ್ಷನ್ ಬೈಂಡರ್. ಪಾಲಿಯೆಸ್ಟರ್ ರೆಸಿನ್ನಿಗೆ ಎರಡೂ ನಡೆಯುತ್ತವೆ. ಎಪಾಕ್ಸಿ ಬಳಸುವುದಾದರೆ ಎಮಲ್ಷನ್ ಮ್ಯಾಟ್ ಬೇಡ, ಅದರ ಬೈಂಡರ್ ಕರಗುವುದಿಲ್ಲ, ಮ್ಯಾಟ್ ಬಳುಕದೆ ಸೆಟೆದು ನಿಲ್ಲುತ್ತದೆ. ಗ್ರೈಂಡರ್ ಡಿಸ್ಕು, ಎಮರಿ, ರಾಸ್ಪ್ ಇವಕ್ಕೆ ಎಸ್.ಜೆ.ಪಿ. ರಸ್ತೆ, ಪೇಂಟಿಗೆ ಜೆ.ಸಿ. ರಸ್ತೆ.

ರೆಸಿನ್ ಗಟ್ಟಿ ಮಾಡುವ ಹಾರ್ಡ್ನರ್ ಮತ್ತು ಅದನ್ನು ಚುರುಕುಗೊಳಿಸುವ ಕೋಬಾಲ್ಟ್ ದ್ರಾವಣದ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳಬೇಕು. ಇವೆರಡನ್ನು ನೇರವಾಗಿ ಒಂದಕ್ಕೊಂದು ಬೆರೆಸಿದರೆ ಸಿಡಿಯುತ್ತದೆ. ಮೊದಲು ಕೋಬಾಲ್ಟನ್ನು ರೆಸಿನ್ನಿಗೆ ಹಾಕಿ ಚೆನ್ನಾಗಿ ಕಲಸಿ, ಅದು ಪೂರ್ತಿ ಬೆರೆತ ಮೇಲೆಯೇ ಹಾರ್ಡ್ನರ್. ಎರಡಕ್ಕೂ ಒಂದೇ ಸಿರಿಂಜ್, ಒಂದೇ ಮುಚ್ಚಳ ಬಳಸಬೇಡಿ. ಕಪಾಟಿನಲ್ಲಿ ಅಕ್ಕಪಕ್ಕ ಇಡಬೇಡಿ. ಕೋಬಾಲ್ಟ್ ಮೊದಲೇ ಬೆರೆತ ರೆಸಿನ್ನೂ ಸಿಗುತ್ತದೆ, ಸಾಮಾನ್ಯವಾಗಿ ನಸುಗೆಂಪಗಿರುತ್ತದೆ, ಕೊಳ್ಳುವಾಗ ಕೇಳಿಕೊಳ್ಳಿ. ಹಾರ್ಡ್ನರ್ ಒಂದು ಹನಿ ಕಣ್ಣಿಗೆ ಬಿದ್ದರೂ ದೃಷ್ಟಿ ಹೋಗಬಹುದು, ರಕ್ಷಣಾ ಕನ್ನಡಕ ಹಾಕದೆ ಮುಚ್ಚಳ ತೆರೆಯಬೇಡಿ. ಇನ್ನು ಮಾಸ್ಕ್: ಉಜ್ಜುವಾಗ ಎನ್95 ಸಾಕು, ರೆಸಿನ್ ಹಾಕುವಾಗ ಅದು ಏನೂ ತಡೆಯುವುದಿಲ್ಲ. ರೆಸಿನ್ನಿನಿಂದ ಏಳುವ ಸ್ಟೈರೀನ್ ಆವಿಗೆ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು.

ಹಿಂದಿನ ಬಾಡಿ ಇಡೀ ಒಂದೇ ತುಂಡು, ಬಾಲದ ಕಡೆ ಹಿಂಜ್, ಮುಂದೆ ಲಾಚ್. ಅದನ್ನು ಬಿಚ್ಚಿ ಸ್ಟ್ಯಾಂಡ್ ಮೇಲಿಟ್ಟು ಕತ್ತರಿಸಿದರೆ ಕೆಲಸ ಸಲೀಸು, ಆದರೆ ಕೆಟ್ಟಂತೆಯೇ ಲೆಕ್ಕ. ಶೆಲ್ಲಿನಲ್ಲಿ ಹಳೆಯ ಬಿಗುವು ಅಡಗಿರುತ್ತದೆ. ಕತ್ತರಿಸಿದ ಕ್ಷಣ ಒಂದು ಮೂಲೆ ಮೇಲಕ್ಕೆ ಚಿಮ್ಮಿ, ಆಮೇಲೆ ಬಾಗಿಲಿಗೂ ಲಾಚಿಗೂ ತಾಳೆಯಾಗುವುದಿಲ್ಲ. ಅದಕ್ಕೆ ಬಾಡಿ ಕಾರಿನ ಮೇಲೇ ಕೂತಿರಬೇಕು, ಲಾಚ್ ಬಿದ್ದಿರಬೇಕು, ಒಳಗಡೆ 20 ಮಿ.ಮೀ. ಚೌಕ ಪೈಪಿನ ಚೌಕಟ್ಟು ಅಂಟಿಸಿರಬೇಕು. ಪೈಪನ್ನು ನೇರ ಶೆಲ್ಲಿಗೆ ಅಂಟಿಸಬೇಡಿ. ರೆಸಿನ್ ಗಟ್ಟಿಯಾಗುತ್ತಾ ಕುಗ್ಗುತ್ತದೆ, ಒಳಗಿನ ಪೈಪಿನ ಗೆರೆ ಕೆಲ ವಾರದ ನಂತರ ಹೊರಗಿನ ಬಣ್ಣದಲ್ಲಿ ಮೂಡುತ್ತದೆ. ನಡುವೆ ಫೋಮ್ ಪಟ್ಟಿ ಇಟ್ಟು, ಅದರ ಮೇಲೆ ಮ್ಯಾಟಿನ ಪಟ್ಟಿ ಹಾಕಿ ಹಿಡಿಸಿ.

ಕತ್ತರಿ ಬಿದ್ದದ್ದು ಆರ್ಚ್ ಅಂಚಿನಿಂದ ಸುಮಾರು 70 ಮಿ.ಮೀ. ಮೇಲೆ, 1 ಮಿ.ಮೀ. ಕಟಿಂಗ್ ಡಿಸ್ಕಿನಲ್ಲಿ. ಹೀಗೆ ಮಾಡಿದರೆ ಆರ್ಚ್‌ನ ಅಂಚು ಒಂದು ಕಮಾನಿನಂತೆ ಇಡಿಯಾಗಿ ಬಿಡಿಸಿಬರುತ್ತದೆ. ಅದನ್ನು ಎಸೆಯದೆ 40 ಮಿ.ಮೀ. ಹೊರಗೆ ಸರಿಸಿ ಮರದ ಚೂರುಗಳಲ್ಲಿ ನಿಲ್ಲಿಸಿದರೆ ಹೊಸ ಅಂಚಿನ ದುಂಡು ಆಗಲೇ ಸಿದ್ಧ. ಒಳ್ಳೆಯ ಬೆಲೆ ಕೊಟ್ಟು ತಂದ ಶೆಲ್ಲಿನಲ್ಲಿ ಕೈ ತೂರುವಷ್ಟು ಬಿರುಕು ಬಾಯಿ ತೆರೆದು ನಿಂತದ್ದನ್ನು ನೋಡುವಾಗ ಹೊಟ್ಟೆ ಕಿವುಚುವುದು ನಿಜ. ಆ ರಾತ್ರಿ ನಿದ್ದೆ ಬಾರದಿದ್ದರೆ ಅದು ನಿಮ್ಮೊಬ್ಬರ ಕಷ್ಟವಲ್ಲ.

ಆ ಬಾಯಿಗೆ ಫೋಮ್ ತುಂಬಬೇಕು. ಥರ್ಮೋಕೋಲ್ ಅಲ್ಲ. ಪಾಲಿಯೆಸ್ಟರ್ ರೆಸಿನ್ನಿನ ಸ್ಟೈರೀನ್ ತಾಗಿದರೆ ಥರ್ಮೋಕೋಲ್ ಕಣ್ಣೆದುರೇ ಕರಗಿ ಗುಳಿಬೀಳುತ್ತದೆ. ಗಟ್ಟಿ ಪಿ.ಯು. (ಪಾಲಿಯುರೆಥೇನ್) ಫೋಮ್ ಹಲಗೆ ತಂದು ಚೂರು ಮಾಡಿ ಕೂರಿಸಿ, ರಾಸ್ಪ್ ಹಾಗೂ 40ರ ಎಮರಿಯಲ್ಲಿ (ಸಂಖ್ಯೆ ಕಡಿಮೆಯಾದಷ್ಟೂ ಒರಟು) ಆಕಾರಕ್ಕೆ ತನ್ನಿ. ಟೆಂಪ್ಲೇಟ್ ಇಟ್ಟಾಗ ಫೋಮ್ ಮತ್ತು ಪ್ಲೈವುಡ್ ನಡುವೆ ಎಲ್ಲ ಕಡೆ 3 ಮಿ.ಮೀ. ಸಂದು ಉಳಿಯಬೇಕು. ಮೂರು ಪದರ ಮ್ಯಾಟ್ ಬಂದು ತುಂಬುವುದು ಆ ಸಂದನ್ನೇ. ಇದನ್ನು ಮರೆತು ಫೋಮನ್ನೇ ಕೊನೆಯ ಆಕಾರಕ್ಕೆ ತಂದರೆ ಬಾಡಿ 3 ಮಿ.ಮೀ. ಉಬ್ಬುತ್ತದೆ, ಆಮೇಲೆ ಅದನ್ನು ಇಳಿಸಲು ಹಾಕಿದ ಫೈಬರ್ರನ್ನೇ ಉಜ್ಜಿ ತೆಗೆಯುತ್ತಾ ಕೂರಬೇಕು.

ಹಳೆಯ ಫೈಬರ್ ಮತ್ತು ಹೊಸದರ ಬೆಸುಗೆಯೇ ಇಡೀ ಕೆಲಸದ ಜೀವ. ಹಳೆಯದು ಪೂರ್ತಿ ಗಟ್ಟಿಯಾಗಿ ಹೋಗಿರುವುದರಿಂದ ಹೊಸ ರೆಸಿನ್ ಅದರೊಂದಿಗೆ ರಾಸಾಯನಿಕವಾಗಿ ಬೆರೆಯುವುದಿಲ್ಲ, ಕಚ್ಚಿಕೊಂಡು ನಿಲ್ಲುತ್ತದೆ ಅಷ್ಟೆ. ಕಚ್ಚಲು ಜಾಗ ಕೊಡಬೇಕು. 3 ಮಿ.ಮೀ. ದಪ್ಪದ ಶೆಲ್ಲಿಗೆ ದಪ್ಪದ ಹನ್ನೆರಡು ಪಟ್ಟು, ಅಂದರೆ 36 ಮಿ.ಮೀ. ಅಗಲದ ಇಳಿಜಾರು ಉಜ್ಜುವುದು ಕನಿಷ್ಠ. ಇಲ್ಲಿ 50 ಮಿ.ಮೀ. ಉಜ್ಜಿದೆವು. ಉಜ್ಜುವ ಮುಂಚೆ ಅಸಿಟೋನಿನಲ್ಲಿ ಒರೆಸಿ, ಇಲ್ಲದಿದ್ದರೆ ಹಳೆಯ ವ್ಯಾಕ್ಸ್ ಪಾಲಿಶ್ ಎಮರಿಯ ಜೊತೆ ಒಳಗೆ ತಿಕ್ಕಿಕೊಳ್ಳುತ್ತದೆ. ಬಣ್ಣ, ಪ್ರೈಮರ್, ಜೆಲ್‌ಕೋಟ್ (ಶೆಲ್ಲಿನ ನುಣುಪಾದ ಹೊರಪದರ) ಎಲ್ಲ ಹೋಗಿ ಗಾಜಿನ ಎಳೆ ಕಾಣುವವರೆಗೆ 36ರ ಡಿಸ್ಕ್. ಉಜ್ಜಿದ ಮೇಲೆ ಒಣ ಬ್ರಷ್, ವ್ಯಾಕ್ಯೂಮ್, ಅಷ್ಟೇ. ಕೈಯಿಂದ ಸವರಿ ನೋಡುವ ಆಸೆ ತಡೆದುಕೊಳ್ಳಿ, ಬೆವರಿನ ಎಣ್ಣೆ ಸಾಕು ಬೆಸುಗೆ ಕೆಡಿಸಲು. ಮೊದಲ ಪದರಕ್ಕೆ ವಿನೈಲ್ ಎಸ್ಟರ್ ರೆಸಿನ್ ಬಳಸಿದೆವು, ಹಳೆಯ ಫೈಬರ್ ಮೇಲೆ ಅದರ ಹಿಡಿತ ಹೆಚ್ಚು. ಮೇಲಿನವು ಐಸೋ.

ಒಮ್ಮೆಗೆ ಅರ್ಧ ಕಿಲೋಗಿಂತ ಹೆಚ್ಚು ಕಲಸಬೇಡಿ. ಅರ್ಧ ಕಿಲೋಗೆ ಹಾರ್ಡ್ನರ್ 5 ಗ್ರಾಂ ಅಂದರೆ ಶೇ. 1, 7.5 ಗ್ರಾಂ ಅಂದರೆ ಶೇ. 1.5, 10 ಗ್ರಾಂ ಅಂದರೆ ಶೇ. 2. ಇದೇ ಎಲ್ಲೆ. ಏಪ್ರಿಲ್ ಮಧ್ಯಾಹ್ನಕ್ಕೆ ಶೇ. 1 ಸಾಕು, ಆಗಸ್ಟ್‌ನ ಮೋಡದ ದಿನಕ್ಕೆ ಶೇ. 2 ಬೇಕಾಗುತ್ತದೆ. ಬೇಗ ಗಟ್ಟಿಯಾಗಲಿ ಅಂತ ಇನ್ನೂ ಸುರಿದರೆ ಪದರ ಬಿರಿಯುತ್ತದೆ, ಶೇ. 1ಕ್ಕಿಂತ ಇಳಿಸಿದರೆ ಎಷ್ಟು ದಿನ ಕಾದರೂ ಪೂರ್ತಿ ಗಟ್ಟಿಯಾಗದೆ ಮೆತ್ತಗೆ ಉಳಿಯುತ್ತದೆ. ಮುಚ್ಚಳದ ಅಳತೆ ನಂಬದೆ ಚಿನ್ನದಂಗಡಿಯಲ್ಲಿ ಇರುವಂಥ ಸಣ್ಣ ಡಿಜಿಟಲ್ ತಕ್ಕಡಿ ಇಟ್ಟುಕೊಳ್ಳಿ. ಮಿಕ್ಕ ರೆಸಿನ್ನಿನ ಡಬ್ಬಿ ಬಿಸಿಯೇರಿ ಹೊಗೆಯಾಡುತ್ತದೆ, ಅದನ್ನು ಹೊರಗೆ ಬಯಲಿನಲ್ಲಿಡಿ, ಕಸದ ಬುಟ್ಟಿಗೆ ಹಾಕಬೇಡಿ.

ಮ್ಯಾಟಿನ ಅಂಚನ್ನು ಕತ್ತರಿಯಲ್ಲಿ ಕತ್ತರಿಸದೆ ಕೈಯಲ್ಲಿ ಹರಿದರೆ ಎಳೆಗಳು ಚದುರಿ ಅಂಚು ಮೂಡದು. ಬ್ರಷ್ಷನ್ನು ಎಳೆಯಬಾರದು, ಕುಕ್ಕಬೇಕು. ಆಮೇಲೆ ಲೋಹದ ಬಬಲ್ ರೋಲರ್ ಉರುಳಿಸಿ ಗಾಳಿ ತೆಗೆಯಬೇಕು. ಒಮ್ಮೆಗೆ ಮೂರು ಪದರ ಮೀರಬಾರದು, ದಪ್ಪ ಹೆಚ್ಚಾದಷ್ಟೂ ಶಾಖ ಹೆಚ್ಚು, ಶಾಖಕ್ಕೆ ಆಕಾರ ತಿರುಚಿಕೊಳ್ಳುತ್ತದೆ. ಮಾರನೆಯ ದಿನ ಒಂದು ರೂಪಾಯಿ ನಾಣ್ಯ ಹಿಡಿದು ಇಡೀ ಜಾಗವನ್ನು ಕುಟ್ಟಿ ನೋಡಿ. ಚೆನ್ನಾಗಿ ಕೂತ ಕಡೆ 'ಟಿಕ್' ಅನ್ನುತ್ತದೆ, ಗಾಳಿ ಸಿಕ್ಕಿಕೊಂಡ ಕಡೆ 'ಟೊಕ್'. ಟೊಕ್ ಅಂದ ಜಾಗಕ್ಕೆ ಪೆನ್ಸಿಲ್ ಸುತ್ತು ಹಾಕಿ, ಉಜ್ಜಿ ತೆಗೆದು, ಮತ್ತೆ ತುಂಬಿ. ಮೇಲೆ ಪುಟ್ಟಿ ಬಳಿದು ಮುಚ್ಚಿದರೆ ಬಿಸಿಲಿಗೆ ನಿಂತ ಮೊದಲ ದಿನವೇ ಗುಳ್ಳೆ ಏಳುತ್ತದೆ.

ಬಲಗಡೆಯ ಸರದಿ ಬರುವಷ್ಟರಲ್ಲಿ ಮಳೆ ಹಿಡಿಯಿತು. ಮ್ಯಾಟ್ ತೇವ ಹೀರುತ್ತದೆ ಅನ್ನುವುದು ಆಗ ಎದುರಿಗೇ ಕಂಡಿತು. ಮ್ಯಾಟ್ ರೆಸಿನ್ ಕುಡಿದ ಮೇಲೆ ಗಾಜಿನಂತೆ ಪಾರದರ್ಶಕವಾಗಬೇಕು. ತೇವದ ಮ್ಯಾಟ್ ಎಷ್ಟು ರೋಲರ್ ಉರುಳಿಸಿದರೂ ಅಲ್ಲಲ್ಲಿ ಹಾಲುಬಿಳುಪಾಗಿಯೇ ಉಳಿಯುತ್ತದೆ. ಅಂಥ ಜಾಗಕ್ಕೆ ಬಲವಿಲ್ಲ. ರೋಲನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ನೆಲದಿಂದ ಎತ್ತರದಲ್ಲಿಡಿ. ಬಳಸುವ ಹಿಂದಿನ ರಾತ್ರಿ ಹ್ಯಾಲೋಜನ್ ದೀಪದ ಶಾಖ ತಾಗಿಸಿ. ಧೋ ಎಂದು ಸುರಿಯುವ ದಿನ ಲೇಅಪ್ (ಮ್ಯಾಟ್ ಹಾಕುವ ಕೆಲಸ) ಮಾಡದೆ ಸುಮ್ಮನಿರುವುದೇ ಮೇಲು. ಮೇಸ್ತ್ರಿಗೆ ದಿನಗೂಲಿ ಲೆಕ್ಕವಾದರೆ ಈ ಸುಮ್ಮನಿರುವ ದಿನಗಳ ಬಗ್ಗೆ ಮೊದಲೇ ಒಪ್ಪಂದ ಇರಲಿ, ಆಮೇಲೆ ಮನಸ್ತಾಪ ಆಗುವುದು ಬೇಡ.

ಹೊರಗಡೆ ಮುಗಿದ ಮೇಲೆ ಒಳಗಿನ ಫೋಮ್ ಕೆರೆದು ತೆಗೆದು, ಅಲ್ಲೂ ಇಳಿಜಾರು ಉಜ್ಜಿ, ಎರಡು ಪದರ ಹಾಕಬೇಕು. ಒಂದೇ ಮಗ್ಗುಲಿನ ಬೆಸುಗೆ ಅದುರಿಗೆ ಬಾಯಿ ಬಿಡುತ್ತದೆ. ಇದು ತಲೆಕೆಳಗಾಗಿ ಮಾಡುವ ಕೆಲಸ, ಗಾಜಿನ ಪುಡಿ ಕತ್ತಿನೊಳಗೆ ಇಳಿಯುತ್ತದೆ. ಸ್ನಾನಕ್ಕೆ ಮೊದಲು ತಣ್ಣೀರು. ಬಿಸಿನೀರಿಗೆ ಹೋದರೆ ರಾತ್ರಿಯಿಡೀ ನವೆ. ಮಾಸ್ಕಿಂಗ್ ಟೇಪ್ ಅಂಟಿಸಿ ಎಳೆದರೆ ಚರ್ಮದ ಮೇಲಿನ ಚೂರುಗಳು ಒಂದಷ್ಟು ಬರುತ್ತವೆ. ಆರ್ಚ್ ಅಂಚಿಗೆ ಒಳಕ್ಕೆ ಮಡಿಸಿದಂತೆ 15ರಿಂದ 20 ಮಿ.ಮೀ. ತುಟಿ ಕೊಡುವುದನ್ನು ಈಗಲೇ ಮಾಡಿ. ಆ ತುಟಿಯಿಂದ ಬರುವ ಬಿಗಿ ಇನ್ನೊಂದು ಪದರ ಹಾಕಿದರೂ ಬರುವುದಿಲ್ಲ.

ಆಮೇಲೆ ಕಾಯಬೇಕು. ಯಾರಿಗೂ ಹಿಡಿಸದ ಭಾಗ ಇದೇ. ಮುಟ್ಟಿದರೆ ಗಟ್ಟಿಯಾಗಿರುತ್ತದೆ, ಉಜ್ಜಲೂ ಬರುತ್ತದೆ, ಆದರೆ ರೆಸಿನ್ ಇನ್ನೂ ವಾರಗಟ್ಟಲೆ ಕುಗ್ಗುತ್ತಲೇ ಇರುತ್ತದೆ. ಬಾಡಿಯನ್ನು ಕಾರಿನ ಮೇಲೆ ಲಾಚ್ ಹಾಕಿಯೇ ಇಟ್ಟು, ಬಿಸಿಲು ಬಂದ ದಿನವೆಲ್ಲ ಕಾರನ್ನು ಹೊರಗೆ ತಳ್ಳಿ ಕಾಯಿಸುವುದು ಒಳ್ಳೆಯದು. ಬಿಚ್ಚಿ ಗೋಡೆಗೆ ಒರಗಿಸಿದರೆ ಒರಗಿದ ಆಕಾರಕ್ಕೇ ಸೆಟೆಯುತ್ತದೆ. ಮೂರು ವಾರವಾದರೂ ಬಿಡಿ. ಕಾಯದೆ ಪೇಂಟ್ ಮಾಡಿದ ಕಾರುಗಳಲ್ಲಿ ಬೆಸುಗೆಯ ಗೆರೆ ಬೇಸಿಗೆಯಲ್ಲಿ ಎದ್ದು ಕಾಣುವುದನ್ನು ಯಾವ ಶೋಗೆ ಹೋದರೂ ನೋಡಬಹುದು. ಗಾಢ ಬಣ್ಣಗಳಲ್ಲಿ ಇನ್ನೂ ಹೆಚ್ಚು, ಅವು ಹೆಚ್ಚು ಕಾಯುತ್ತವೆ. ಗಲ್ಫ್‌ನ ತಿಳಿನೀಲಿ ಈ ವಿಷಯದಲ್ಲಿ ಉಪಕಾರಿ.

ಪುಟ್ಟಿಯ ಹಂತದಲ್ಲಿ ಉದ್ದನೆಯ ಪಟ್ಟಿಯಿಲ್ಲದೆ ಕೈ ಹಾಕಬೇಡಿ. 450 ಮಿ.ಮೀ. ಉದ್ದದ, ಬಳುಕುವಷ್ಟು ತೆಳುವಾದ ಅಕ್ರಿಲಿಕ್ ಹಾಳೆಗೆ 80ರ ಎಮರಿ ಅಂಟಿಸಿ, ಓರೆಯಾಗಿ ಒಮ್ಮೆ ಆ ದಿಕ್ಕು ಒಮ್ಮೆ ಈ ದಿಕ್ಕು ಉಜ್ಜಬೇಕು. ಅಂಗೈಯಲ್ಲಿ ಹಿಡಿದು ಉಜ್ಜಿದರೆ ಬೆರಳಿನ ಅಲೆಗಳೇ ಮೂಡುತ್ತವೆ. ಮೇಲೆ ಕಪ್ಪು ಸ್ಪ್ರೇಯನ್ನು ತೆಳುವಾಗಿ ಚಿಮುಕಿಸಿ ಉಜ್ಜಿದರೆ ಕಪ್ಪು ಉಳಿದದ್ದು ತಗ್ಗು, ತಕ್ಷಣ ಹೋದದ್ದು ಉಬ್ಬು. ಪುಟ್ಟಿಗೆ ಹಾರ್ಡ್ನರ್ ಪೇಸ್ಟ್ ಶೇ. 2ರಿಂದ 3 ಮಾತ್ರ; ಹೆಚ್ಚಾದರೆ ತಿಳಿ ಬಣ್ಣದ ಮೇಲೆ ಕಲೆಯಾಗಿ ಹೊರಬರುತ್ತದೆ. ಇಡೀ ಅರ್ಧ ಚದರ ಮೀಟರಿಗೆ 3 ಮಿ.ಮೀ. ಪುಟ್ಟಿ ಬಳಿದರೆ ಒಂದೂವರೆ ಲೀಟರ್ ಆಯಿತು, ಸಾಮಾನ್ಯ ಪುಟ್ಟಿಯಾದರೆ ಎರಡೂವರೆ ಕಿಲೋ ದಾಟುತ್ತದೆ. ಅಷ್ಟೇ ದಪ್ಪದ ಫೈಬರ್ ಅದಕ್ಕಿಂತ ಹಗುರ, ಮೇಲಾಗಿ ಬಲವೂ ಅದಕ್ಕೇ. ಈ ಲೆಕ್ಕವನ್ನು ಶೆಡ್ಡಿನ ಗೋಡೆಯ ಮೇಲೆ ಬರೆದ ಮೇಲೆ ಮೇಸ್ತ್ರಿಯ ಒತ್ತಾಯ ಸ್ವಲ್ಪ ಕಡಿಮೆಯಾಯಿತು.

ಗೆರೆ ಸರಿಯಾಗಿದೆಯೇ ಅಂತ ನೋಡಲು ಪ್ರೈಮರ್ ಮೇಲೆ ನೀರು ಸವರಿ, ಶೆಡ್ಡಿನ ಟ್ಯೂಬ್‌ಲೈಟಿನ ಪ್ರತಿಬಿಂಬವನ್ನು ಹಿಡಿದು ನಿಧಾನ ನಡೆಯಿರಿ. ಬಿಳಿ ಗೆರೆ ಆರ್ಚ್ ಮೇಲೆ ಹತ್ತಿ ಇಳಿಯುವಾಗ ಎಲ್ಲೂ ಕುಂಟಬಾರದು. ಎಡಗಡೆ ಚೆನ್ನಾಗಿ ಬಂತು. ಬಲಗಡೆ, ಗಾಳಿ ಸೆಳೆಯುವ ಬಾಯಿಯ ಹಿಂದೆ, ಗೆರೆ ಒಂದು ಗೇಣು ದೂರ ಚಪ್ಪಟೆಯಾಗುತ್ತಿತ್ತು. ಟೆಂಪ್ಲೇಟ್ ಇಟ್ಟರೆ ಸರಿ ಇದೆ, ಕಣ್ಣಿಗೆ ಸರಿ ಇಲ್ಲ. ನೋಡಿದರೆ ಎರಡು ಟೆಂಪ್ಲೇಟ್‌ಗಳ ನಡುವಿನ 100 ಮಿ.ಮೀ.ನಲ್ಲಿ ಫೋಮ್ ಹೆಚ್ಚು ಉಜ್ಜಿಹೋಗಿತ್ತು. ವಕ್ರತೆ ಬೇಗ ಬದಲಾಗುವ ಕಡೆ ಟೆಂಪ್ಲೇಟ್‌ಗಳನ್ನು 50 ಮಿ.ಮೀ.ಗೊಂದು ಇಡಬೇಕು. ಅಲ್ಲಿಗೆ ಮತ್ತೊಂದು ಪದರ ಮ್ಯಾಟ್ ಬಿತ್ತು, ಮತ್ತೆ ಕಾಯುವುದೂ ಬಂತು.

ಬಾಗಿಲ ಸಂದು 5 ಮಿ.ಮೀ. ಇಟ್ಟಿದ್ದೇವೆ. ತಗಡಿನ ಕಾರಿನಂತೆ 3ಕ್ಕೆ ಇಳಿಸಿದರೆ ಬಿಸಿಯಾದಾಗ ಅಂಚಿಗೆ ಅಂಚು ತಾಗಿ ಪೇಂಟ್ ಚಕ್ಕೆ ಏಳುತ್ತದೆ. ಜಿಟಿ40ಯಲ್ಲಿ ಎಕ್ಸಾಸ್ಟ್ ಪೈಪುಗಳು ಎಂಜಿನ್ನಿನ ಮೇಲೇ ಒಂದಕ್ಕೊಂದು ಹೆಣೆದುಕೊಂಡು ಹಿಂದಕ್ಕೆ ಹೋಗುತ್ತವೆ, ಬಾಡಿ ಅದರ ನೇರ ಮೇಲಿದೆ. ಒಳಮೈಗೆ ಶಾಖ ತಿರುಗಿಸುವ ಅಲ್ಯೂಮಿನಿಯಂ ಹಾಳೆ ಅಂಟಿಸುವುದನ್ನು ಪೇಂಟಿಗೆ ಮುಂಚೆಯೇ ಮುಗಿಸಿ.

ಪೇಂಟ್ ಬೂತಿನವರಿಗೆ ಇದು ಫೈಬರ್ ಅಂತ ಬರೆದು ಕೊಡಿ. ಬೇಗ ಒಣಗಲಿ ಅಂತ ತಗಡಿನ ಕಾರಿಗೆ ಕೊಡುವಷ್ಟೇ ಬೇಕಿಂಗ್ ಶಾಖ ಕೊಟ್ಟರೆ ಆಕಾರವೇ ಸಡಿಲವಾಗುತ್ತದೆ. ಸೂಜಿರಂಧ್ರಗಳು ಪ್ರೈಮರ್‌ನಿಂದ ಮುಚ್ಚುವುದಿಲ್ಲ, ಎಷ್ಟು ಕೋಟ್ ಹೊಡೆದರೂ ರಂಧ್ರದ ಬಾಯಿಯಲ್ಲಿ ನಿಂತು ಮತ್ತೆ ತೆರೆಯುತ್ತದೆ. ಮೊದಲ ಪ್ರೈಮರ್ ಆದ ಮೇಲೆ ತೆಳು ಪುಟ್ಟಿಯನ್ನು ಬ್ಲೇಡಿನಲ್ಲಿ ಒತ್ತಿ ಎಳೆದು ಒಂದೊಂದಾಗಿ ತುಂಬಬೇಕು.

ಖರ್ಚು: ರೆಸಿನ್, ಮ್ಯಾಟ್, ಫೋಮ್, ಪೈಪು, ಡಿಸ್ಕು, ಪುಟ್ಟಿ, ಮಾಸ್ಕ್ ಕಾರ್ಟ್ರಿಜ್ ಎಲ್ಲ ಸೇರಿ ಮೂವತ್ತು ಸಾವಿರದ ಒಳಗೇ ಆಯಿತು. ಅದರಲ್ಲಿ ಎಮರಿಯ ಪಾಲು ರೆಸಿನ್ನಿಗಿಂತ ಜಾಸ್ತಿ. ಕೂಲಿ ಇದರ ನಾಲ್ಕು ಪಟ್ಟು. ಪೇಂಟ್ ಅದರ ಮೇಲೆ, ಹೆಚ್ಚು ಕಡಿಮೆ ಕೂಲಿಯಷ್ಟೇ. ಫ್ಲಾಟ್‌ಬೆಡ್ ಬಾಡಿಗೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಶೆಡ್ಡಿಗೆ, ಪೇಂಟಿಗೆ, ವಾಪಸ್ಸು ಅಂತ ಅದೂ ಸೇರುತ್ತದೆ. ಬಾಡಿಯ ತೂಕ ಪ್ರತಿ ಕಡೆ ಮೂರು ಕಿಲೋ ಆಸುಪಾಸು ಏರಿದೆ, ಹಿಂಜಿನ ಬೋಲ್ಟುಗಳ ಹಿಂದೆ ದೊಡ್ಡ ವಾಷರ್ ಪ್ಲೇಟ್ ಕೊಟ್ಟು ಬಿಗಿ ಮಾಡಬೇಕಾಯಿತು. ಇಲ್ಲದಿದ್ದರೆ ಬೋಲ್ಟಿನ ಸುತ್ತ ನಕ್ಷತ್ರದಂತೆ ಬಿರುಕು ಹೊರಡುತ್ತದೆ.

ಸ್ಪ್ರಿಂಗ್ ಹಾಕಿದ ಮೇಲೆ ಇನ್ನೊಮ್ಮೆ ನಿಧಾನ ಓಡಿಸಿ, ಆರ್ಚ್ ಒಳಗೆ ಸುಣ್ಣ ಬಳಿದು ನೋಡಿ. ಟೈರು ತಾಗಿದರೆ ಸುಣ್ಣ ಅಳಿಸಿರುತ್ತದೆ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೆಯ ರೇಸ್ ಟ್ರ್ಯಾಕಿಗೋ ಕೊಯಮತ್ತೂರಿನದಕ್ಕೋ ಒಯ್ಯುವಾಗ ಫ್ಲಾಟ್‌ಬೆಡ್‌ನವರು ಅಭ್ಯಾಸಬಲದಿಂದ ಬೆಲ್ಟನ್ನು ಹಿಂದಿನ ಬಾಡಿಯ ಮೇಲೆ ಅಡ್ಡ ಹಾಕಿ ಎಳೆಯುತ್ತಾರೆ. ಬಿಡಬೇಡಿ. ಬೆಲ್ಟ್ ಚಕ್ರಕ್ಕೆ ಅಥವಾ ಚಾಸಿಗೆ, ಮತ್ತು ಲಾಚ್ ಬಿದ್ದಿದೆಯೇ ಅಂತ ಹೊರಡುವ ಮುಂಚೆ ನೀವೇ ಕೈ ಹಾಕಿ ಎಳೆದು ನೋಡಿ.